ಮೂರು ನಿಮಿಷಕ್ಕೆ ಕಡಿಯುತ್ತಿದ್ದ ಲೈನು

ನಾನು ನಿವೃತ್ತಳಾದ ದಿನ ಹಾರ ಹಾಕಿ, ಕೈಗೊಂದು ಗೋಡೆ ಗಡಿಯಾರ ಕೊಟ್ಟು, "ಇಂದಿರಾಬಾಯಿಯವರು ಹೊಸಪೇಟೆ ಟೆಲಿಫೋನ್ ಕಚೇರಿಯ ಆಸ್ತಿ" ಎಂದು ಭಾಷಣ ಮಾಡಿದರು. ಕಚೇರಿಯ ಆಸ್ತಿ ಎಂದರೆ ಮೇಜು, ಕುರ್ಚಿ, ಬೀರು. ಯಾರೂ ಎತ್ತಿಡದಿದ್ದರೆ ಇದ್ದಲ್ಲೇ ಇರುತ್ತವೆ. ನಾನೂ ಹಾಗೆಯೇ ಇದ್ದೆ. ಆದ್ದರಿಂದ ಬಡ್ತಿಯ ಕಥೆಗಾಗಿ ಇದನ್ನು ಓದುವವರು ಇಲ್ಲಿಗೇ ನಿಲ್ಲಿಸಬಹುದು. ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ಮೊನ್ನೆ ಮನೆಗೆ ಬಂದು, "ಅಮ್ಮಾ, ಆವಾಗ ಕೆಲಸ ಹೆಂಗಿತ್ರಿ?" ಎಂದು ಕೇಳಿದರು. ಅವರಿಗೆ ಚಹಾ ಕೊಟ್ಟು ಕಳಿಸಿದೆ, ಉತ್ತರ ಕೊಡಲಾಗಲಿಲ್ಲ. ನನ್ನ ಕೆಲಸದ ಬಹುಭಾಗ ನನಗೇ ಅರ್ಥವಾಗದೆ ಮುಗಿದುಹೋಗಿದೆ. ಅರ್ಥವಾದದ್ದಿಷ್ಟನ್ನು ಬರೆಯುತ್ತೇನೆ.

ನಾನು ಸೇರಿದ್ದು ಟ್ರಂಕ್ ಆಪರೇಟರ್ ಆಗಿ. ಈಗಿನವರಿಗೆ ಆ ಶಬ್ದವೇ ಗೊತ್ತಿಲ್ಲ. ಬೇರೆ ಊರಿಗೆ ಫೋನ್ ಮಾಡಬೇಕಾದರೆ ನಮ್ಮ ಬಳಿ ಬುಕ್ ಮಾಡಬೇಕಿತ್ತು. ನಾವು ಬೋರ್ಡಿನ ಮುಂದೆ ಸಾಲಾಗಿ ಕುಳಿತು ಒಂದು ತೂತಿನಿಂದ ಇನ್ನೊಂದು ತೂತಿಗೆ ವೈರು ಚುಚ್ಚಿ ಎರಡು ಊರುಗಳನ್ನು ಕೂಡಿಸುತ್ತಿದ್ದೆವು. ಮೂರು ನಿಮಿಷವಾದ ಕೂಡಲೇ ಕೀಲಿ ಎತ್ತಿ ಲೈನಿನೊಳಗೆ ಹೋಗಿ, "ಮೂರು ನಿಮಿಷ ಆತ್ರಿ, ಇನ್ನೂ ಮಾತಾಡ್ತೀರೇನು?" ಎಂದು ಕೇಳಬೇಕು. ಹತ್ತೊಂಬತ್ತು ವರ್ಷ ಅದನ್ನೇ ಮಾಡಿದೆ. ಗಡಿಯಾರ ನೋಡದೆಯೇ ಕೈಗೆ ಮೂರು ನಿಮಿಷ ತಿಳಿಯುತ್ತಿತ್ತು. ಮನೆಯಲ್ಲಿ ಹಾಲು ಕಾಯಿಸಲಿಟ್ಟರೂ ಮೂರು ನಿಮಿಷಕ್ಕೊಮ್ಮೆ ಎದ್ದು ಇಣುಕುತ್ತಿದ್ದೆನೆಂದು ನಮ್ಮ ಮನೆಯವರು ಇವತ್ತಿಗೂ ಆಡಿಕೊಳ್ಳುತ್ತಾರೆ.

ಜನರೇ ನೇರವಾಗಿ ಬೇರೆ ಊರಿಗೆ ಫೋನ್ ಮಾಡುವಂತಾದ ಮೇಲೆ ಬೋರ್ಡುಗಳನ್ನು ಬಿಚ್ಚಿ ಹಿಂದಿನ ಕೋಣೆಗೆ ಹಾಕಿದರು. ನಮ್ಮನ್ನು ಎಲ್ಲಿ ಹಾಕಬೇಕೆಂದು ಯಾರಿಗೂ ತಿಳಿಯಲಿಲ್ಲ. ಒಬ್ಬಳು ಬಿಲ್ಲಿನ ಕೌಂಟರಿಗೆ ಹೋದಳು, ಒಬ್ಬಳು ದಾಖಲೆ ವಿಭಾಗಕ್ಕೆ ಹೋದಳು. ನಾನು ಸ್ವಲ್ಪ ಇಂಗ್ಲಿಷ್ ಓದಿಕೊಂಡವಳೆಂಬ ತಪ್ಪಿಗೆ ಇಂಟರ್ನೆಟ್ ದೂರಿನ ಮೇಜಿಗೆ ಬಂದೆ. ನಮ್ಮ ಮೇಲಧಿಕಾರಿ ಗೋಪಾಲರಾಯರು ಎರಡು ದಿನದ ತರಬೇತಿಗೆ ಕಳಿಸಿದರು. ಮೊದಲ ದಿನ ಕಂಪ್ಯೂಟರ್ ಎಂದರೇನು ಎಂದು ಹೇಳಿದರು, ಎರಡನೆಯ ದಿನ ಕರೆಂಟ್ ಇರಲಿಲ್ಲ. ಬರುವಾಗ ಒಂದು ಹಾಳೆ ಕೊಟ್ಟರು. 'ಸ್ಟಾರ್ಟ್ ಗುಂಡಿ ಒತ್ತಿ' ಎಂಬಲ್ಲಿಂದ ಶುರುವಾಗಿ ಹದಿನಾಲ್ಕು ಹೆಜ್ಜೆಗಳಿದ್ದವು. ಆ ಹಾಳೆಯನ್ನು ನಾನು ಸ್ತೋತ್ರದ ಹಾಗೆ ಬಾಯಿಪಾಠ ಮಾಡಿಕೊಂಡೆ.

ಇದು ಗಣಿಯ ಗದ್ದಲ ಏರುತ್ತಿದ್ದ ಕಾಲ. ಸಂಡೂರಿನ ಕಡೆಯಿಂದ ಅದಿರಿನ ಲಾರಿಗಳು ಸಾಲುಸಾಲಾಗಿ ಬರುತ್ತಿದ್ದವು. ನಿನ್ನೆ ಮೊನ್ನೆ ಹುಟ್ಟಿದ ಗಣಿ ಕಚೇರಿಗಳಿಗೆಲ್ಲ ಫೋನು ಬೇಕು, ಫೋನಿನ ತಂತಿಯಲ್ಲಿ ಇಂಟರ್ನೆಟ್ಟೂ ಬೇಕು. ಫೋನಿನ ತಂತಿಯನ್ನು ಮೋಡೆಮ್ ಎಂಬ ಯಂತ್ರಕ್ಕೆ ಚುಚ್ಚಿದರೆ ಅದು ನಮ್ಮ ಕಚೇರಿಗೆ ಫೋನ್ ಮಾಡುತ್ತದೆ, ಇಲ್ಲಿನ ಯಂತ್ರ ಎತ್ತಿಕೊಳ್ಳುತ್ತದೆ, ಎರಡೂ ಕರಕರ ಎಂದು ಮಾತಾಡಿಕೊಳ್ಳುತ್ತವೆ. ಅದೇ ಇಂಟರ್ನೆಟ್ಟು. ಆ ಹೊತ್ತಿನಲ್ಲಿ ಅದೇ ಫೋನಿನಲ್ಲಿ ಮನುಷ್ಯರು ಮಾತಾಡುವಂತಿಲ್ಲ.

ಈ ಕೊನೆಯ ಮಾತು ನನ್ನ ತಲೆಗೆ ಹೋಗಲು ಒಂದು ತಿಂಗಳು ಹಿಡಿಯಿತು. ಸಂಡೂರಿನ ಒಂದು ಗಣಿ ಕಚೇರಿಯ ಮ್ಯಾನೇಜರಿಗೆ ನಾನು ಫೋನಿನಲ್ಲೇ, "ಈಗ ಕನೆಕ್ಟ್ ಮಾಡ್ರಿ, ಏನ್ ಬರ್ತದ ಹೇಳ್ರಿ" ಎಂದೆ. ಫೋನು ಕಟ್ಟಾಯಿತು. ಮತ್ತೆ ಮಾಡಿದ, ಮತ್ತೆ ಅದನ್ನೇ ಹೇಳಿದೆ, ಮತ್ತೆ ಕಟ್ಟಾಯಿತು. ನಾಲ್ಕನೆಯ ಸಲ ಆತ, "ಅಕ್ಕಾರ, ಇರೋದು ಒಂದ ಫೋನು. ನಿಮ್ಮ ಜೋಡಿ ಮಾತಾಡ್ಲೋ, ಕನೆಕ್ಟ್ ಮಾಡ್ಲೋ?" ಎಂದು ಕೂಗಿದ. ಪಕ್ಕದ ಮೇಜಿನ ಖಾದರ್ ಸಾಬ್ ಹೊಟ್ಟೆ ಹಿಡಿದುಕೊಂಡು ನಕ್ಕ. ಖಾದರ್ ಸಾಬ್ ನಮ್ಮ ಲೈನ್ ಮೆಕ್ಯಾನಿಕ್. ಕಂಬದ ಡಬ್ಬಿಗಳೊಳಗೆ ತುಂಬಿಕೊಂಡ ಕೆಂಪು ಧೂಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು ಕೆರೆದು ಲೈನುಗಳನ್ನು ಬದುಕಿಸುತ್ತಿದ್ದವನು. ಊರಿನ ಯಾವ ಯಂತ್ರ ಕೆಟ್ಟರೂ ಅವನು ಹೇಳುವ ಕಾರಣ ಒಂದೇ, "ಧೂಳು ಹೊಕ್ಕೈತಿ."

ಇಂಥ ನನ್ನ ಮೇಜಿನ ಮುಂದೆ ಒಂದು ದಿನ ಪಂಪಾಪತಿ ಬಂದು ನಿಂತ.

ಮೂವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಸಂಡೂರು ರಸ್ತೆಯ ಗಣಿ ಕಚೇರಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸ. ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೂ ಇಲ್ಲ. ಕಂಕುಳಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್, ಕೈಯಲ್ಲಿ ಒಂದು ಇನ್ನೂರು ಪುಟದ ನೋಟುಬುಕ್ಕು. ಆ ನೋಟುಬುಕ್ಕೇ ಅವನ ಬಾಯಿ. ನಕ್ಷೆಗೆ ಬರೆಯುವಂಥ ನೆಟ್ಟಗಿನ ಅಕ್ಷರಗಳಲ್ಲಿ ಬರೆದು ನಮ್ಮ ಮುಂದಿಡುತ್ತಿದ್ದ, ನಾವು ಕೆಳಗೆ ಉತ್ತರ ಬರೆಯಬೇಕು.

ಅವನು ಹೊಸ ಫೋನಿಗೆ ಅರ್ಜಿ ಹಾಕಿದ್ದು ಅದಾಗಲೇ ಕಚೇರಿಯಲ್ಲಿ ದೊಡ್ಡ ಗೊಂದಲವಾಗಿತ್ತು. ಗೋಪಾಲರಾಯರು ಅರ್ಜಿ ಹಿಡಿದುಕೊಂಡು ನನ್ನ ಮೇಜಿಗೇ ಬಂದರು.

"ಇಂದಿರಾಬಾಯಿ, ಈ ಮನುಷ್ಯಗ ಕಿವಿ ಕೇಳಂಗಿಲ್ಲಂತ. ಫೋನ್ ತಗೊಂಡು ಏನ್ ಮಾಡ್ತಾನ್ರಿ? ನಾಳೆ ಬೆಲ್ ಕೇಳವಲ್ದು ಅಂತ ಕಂಪ್ಲೇಂಟ್ ಕೊಟ್ರ ಯಾರು ಅಟೆಂಡ್ ಮಾಡ್ಬೇಕು?"

ರಾಯರ ಪ್ರಶ್ನೆಯನ್ನು ನಾನು ನೋಟುಬುಕ್ಕಿನಲ್ಲಿ ಬರೆದು ತೋರಿಸಿದೆ. ಪಂಪಾಪತಿ ಕೆಳಗೆ ಬರೆದ: 'ನನ್ನ ಹೆಂಡತಿಗೂ ಕೇಳುವುದಿಲ್ಲ. ನಾವಿಬ್ಬರೂ ಮಾತಾಡಬೇಕು.'

ರಾಯರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿ, ಏನೂ ತಿಳಿಯದೆ ಮಂಜೂರು ಮಾಡಿದರು.

ವಿಷಯ ಇಷ್ಟು. ಹೆಂಡತಿ ಗಿರಿಜಾ ಏಳನೆಯ ತಿಂಗಳಿಗೆ ಕುಬಸದ ಶಾಸ್ತ್ರ ಮುಗಿಸಿಕೊಂಡು ಕಂಪ್ಲಿಯ ತವರಿಗೆ ಹೋಗಿದ್ದಳು. ಕಂಪ್ಲಿಯಲ್ಲಿ ಬಸ್ ನಿಲ್ದಾಣದ ಹತ್ತಿರ ಒಂದು ಇಂಟರ್ನೆಟ್ ಅಂಗಡಿ ಆಗಿತ್ತು. ಸಂಜೆ ಐದರಿಂದ ಆರರವರೆಗೆ ಅವಳು ಅಲ್ಲಿ ಬಂದು ಕೂರುತ್ತಾಳೆ, ಇವನು ಹೊಸಪೇಟೆಯ ಮನೆಯಲ್ಲಿ ಕೂರುತ್ತಾನೆ, ಇಬ್ಬರೂ ಪರದೆಯ ಮೇಲೆ ಬರೆದು ಮಾತಾಡಿಕೊಳ್ಳುತ್ತಾರೆ. ಆಗ ನಮ್ಮಲ್ಲಿ ಮೊಬೈಲ್ ಇದ್ದದ್ದು ಗಣಿ ಧಣಿಗಳ ಜೇಬಿನಲ್ಲಿ ಮಾತ್ರ.

"ಭಾನುವಾರ ಹೆಂಗೂ ಕಂಪ್ಲಿಗೆ ಹೋಗ್ತೀರಿ. ಅಲ್ಲಿತನಕ ತಡಕೊಳ್ಳಾಕ ಆಗಂಗಿಲ್ಲೇನು?" ಎಂದು ನಾನು ತಮಾಷೆಗೆ ಬರೆದೆ. ಅವನು ನಗಲಿಲ್ಲ. ಬಹಳ ಹೊತ್ತು ಬರೆದು ನೋಟುಬುಕ್ಕನ್ನು ನನ್ನ ಕಡೆ ತಿರುಗಿಸಿದ. ಹಿಂದಿನ ಸಲವೂ ಗಿರಿಜಾ ತವರಿಗೆ ಹೋಗಿದ್ದಳು. ಆ ಕೂಸು ಹೊಟ್ಟೆಯಲ್ಲೇ ತೀರಿಕೊಂಡಿತು. ಅವಳ ತವರಿನವರು ಇವನ ಮನೆ ಪಕ್ಕದ ಅಂಗಡಿಗೆ ಫೋನ್ ಮಾಡಿದ್ದರು. ಅಂಗಡಿಯವನು ಬಂದು ಚೀಟಿಯಲ್ಲಿ 'ಎಲ್ಲಾ ಆರಾಮ' ಎಂದು ಬರೆದು ತೋರಿಸಿದ. ಮೂರು ದಿನ ಬಿಟ್ಟು ಭಾನುವಾರದ ಬಸ್ಸಿಗೆ ಹೋದಾಗಲೇ ಇವನಿಗೆ ಗೊತ್ತಾದದ್ದು. ಅಷ್ಟರಲ್ಲಿ ಓಣಿಗೆಲ್ಲ ಗೊತ್ತಿತ್ತು. ಕೊನೆಯ ಸಾಲು ನನಗೆ ಇವತ್ತಿಗೂ ಬಾಯಿಗೆ ಬರುತ್ತದೆ: 'ಕಿವಿ ಕೇಳದವರಿಗೆ ಎಲ್ಲರೂ ಎರಡೇ ಮಾತಿನಲ್ಲಿ ಹೇಳುತ್ತಾರೆ, ಅಕ್ಕ. ಪೂರ್ತಿ ಹೇಳುವವಳು ಅವಳೊಬ್ಬಳೇ.'

ನನಗೆ ತಮಾಷೆ ಮಾಡಿದ್ದಕ್ಕೆ ನಾಚಿಕೆಯಾಯಿತು. ಏನೇ ಆಗಲಿ ಇವನ ಲೈನು ಹಾಕಿಕೊಡಲೇಬೇಕೆಂದು ಹಟ ಹುಟ್ಟಿತು. ಹಾಳೆ ತೆಗೆದು ಲ್ಯಾಪ್‌ಟಾಪ್ ತೆರೆಸಿದೆ.

ಅದರಲ್ಲಿ ಸ್ಟಾರ್ಟ್ ಗುಂಡಿಯೇ ಇರಲಿಲ್ಲ.

ಅದು ಇರಬೇಕಾದ ಮೂಲೆಯಲ್ಲಿ ಒಂದು ಪಾದವಿತ್ತು. ನಾಲ್ಕೇ ಬೆರಳಿನ ಒಂಟಿ ಪಾದ. ಮನೆಯಲ್ಲಿ ದಿನಾ ದೇವರ ಪಾದಕ್ಕೆ ಕೈ ಮುಗಿಯುವವಳು ನಾನು. ಒತ್ತಬೇಕೋ ಕಣ್ಣಿಗೆ ಒತ್ತಿಕೊಳ್ಳಬೇಕೋ ತಿಳಿಯದೆ ಬೆರಳು ಅರ್ಧದಲ್ಲೇ ನಿಂತಿತು. ಪಂಪಾಪತಿ ಬರೆದು ವಿವರಿಸಿದ. ಇದು ವಿಂಡೋಸ್ ಅಲ್ಲ, ಲಿನಕ್ಸ್, ಸ್ಟಾರ್ಟಿನ ಬದಲು ಇದರಲ್ಲಿ ಆ ಪಾದವನ್ನೇ ಒತ್ತಬೇಕು. ಕಚೇರಿಯ ಎಂಜಿನಿಯರ್ ಒಬ್ಬರು ಕೆಲಸ ಬಿಟ್ಟು ಹೋಗುವಾಗ ಈ ಯಂತ್ರ ಕೊಟ್ಟು ಹೋದರು. ಅದರಲ್ಲಿದ್ದ ವಿಂಡೋಸ್ ವೈರಸ್ಸಿಗೆ ಸತ್ತಿತ್ತು. ಕಂಪ್ಯೂಟರ್ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿಡಿಯಿಂದ ಅವರೇ ಲಿನಕ್ಸ್ ಹಾಕಿದರು. ಇದನ್ನು ಯಾರೋ ಎಲ್ಲೆಲ್ಲೋ ಕೂತು ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ, ಇದಕ್ಕೆ ಮಾಲೀಕರಿಲ್ಲ.

"ಮಾಲೀಕರಿಲ್ಲ ಅಂದ್ರ ಕೆಟ್ರ ಯಾರನ್ನ ಕೇಳ್ಬೇಕ್ರಿ?" ಎಂದು ಖಾದರ್ ಸಾಬ್ ಬಗ್ಗಿ ನೋಡಿದ. ಫೋನಿನ ತಂತಿ ಚುಚ್ಚುವ ತೂತಿಗೆ ಊದಿದ. "ಧೂಳು ಹೊಕ್ಕೈತಿ."

ಧೂಳು ಇರಲಿಲ್ಲ. ತೂತು ಇತ್ತು, ಆದರೆ ಮೋಡೆಮ್ ಇಲ್ಲವೆಂದು ಪರದೆ ಹೇಳುತ್ತಿತ್ತು. ಕಣ್ಣಿಗೆ ಕಾಣುವುದನ್ನು ಇಲ್ಲವೆನ್ನುವ ಯಂತ್ರವನ್ನು ನಾನು ಅದೇ ಮೊದಲು ನೋಡಿದ್ದು.

ಒಂದು ವಾರ ಕಚೇರಿಯ ಕಂಪ್ಯೂಟರಿನಲ್ಲಿ ಹುಡುಕಿದ ಮೇಲೆ ತಿಳಿದ ಸಂಗತಿ: ಆ ಲ್ಯಾಪ್‌ಟಾಪಿನಲ್ಲಿರುವುದು ಅರ್ಧ ಮೋಡೆಮ್. ಖರ್ಚು ಉಳಿಸಲೆಂದು ಅರ್ಧ ಕೆಲಸವನ್ನು ಯಂತ್ರದಲ್ಲಿಟ್ಟು, ಉಳಿದರ್ಧವನ್ನು ವಿಂಡೋಸ್ ಮಾಡಲಿ ಎಂದು ಬಿಟ್ಟಿದ್ದಾರೆ. ವಿಂಡೋಸ್ ಹೋದ ಮೇಲೆ ಉಳಿದರ್ಧ ಮಾಡುವವರು ಯಾರೂ ಇಲ್ಲ. ಅದಕ್ಕೆ ಡ್ರೈವರ್ ಎಂಬ ಕಡತವೊಂದು ಬೇಕು. ಅದು ಸಿಗುವುದು ಇಂಟರ್ನೆಟ್ಟಿನಲ್ಲಿ. ಇಂಟರ್ನೆಟ್ಟು ಬರಲೆಂದೇ ಅದು ಬೇಕಾಗಿರುವುದು. ನಾನು ಈ ಮಾತನ್ನು ಹಾಳೆಯ ಮೇಲೆ ಬರೆದುಕೊಂಡು ಎರಡು ದಿನ ನೋಡಿದೆ.

ಲಿನಕ್ಸಿನವರ ಒಂದು ಚರ್ಚೆಯ ಗುಂಪಿತ್ತು. ಅಲ್ಲಿ ಇಂಗ್ಲಿಷಿನಲ್ಲಿ ಪ್ರಶ್ನೆ ಹಾಕಿದೆ. ಯಾರೋ ಪುಣ್ಯಾತ್ಮ, "ನಿಮ್ಮದು ಯಾವ ಡಿಸ್ಟ್ರಿಬ್ಯೂಷನ್?" ಎಂದು ಕೇಳಿದ. ನಮ್ಮಲ್ಲಿ ಕಂಬದ ಮೇಲಿನ ಡಬ್ಬಿಗೆ ಡಿಸ್ಟ್ರಿಬ್ಯೂಷನ್ ಪಾಯಿಂಟ್ ಎನ್ನುತ್ತೇವೆ. ನಾನು ಖಾದರ್ ಸಾಬನನ್ನು ಕೇಳಿ ಪಂಪಾಪತಿಯ ಓಣಿಯ ಡಬ್ಬಿಯ ನಂಬರು ಬರೆದು ಕಳಿಸಿದೆ. ಅವನು ಕೇಳಿದ್ದು ಲಿನಕ್ಸಿನಲ್ಲಿ ಯಾವ ಬಗೆಯದು ಎಂದು, ಅತ್ತಲಿಂದ ನಾಲ್ಕು ದಿನ ಸುದ್ದಿಯಿಲ್ಲ. ಆಮೇಲೆ ಬೇರೆ ಯಾರೋ ಕರುಣೆಯಿಂದ ಆ ಕಡತ ಎಲ್ಲಿದೆ, ಹೇಗೆ ಹಾಕಬೇಕು ಎಂಬುದನ್ನು ಒಂದೊಂದೇ ಸಾಲಾಗಿ ಬರೆದರು. ಅದನ್ನು ಫ್ಲಾಪಿಗೆ ಇಳಿಸಿದೆ. ಮೊದಲ ಫ್ಲಾಪಿ ಹಾಳಾಗಿತ್ತು, ಎರಡನೆಯದೂ ಹಾಳು, ಮೂರನೆಯದು ಓದಿತು.

ಪಂಪಾಪತಿ ಆ ಸಾಲುಗಳನ್ನು ಬೆರಳಚ್ಚು ಮಾಡುವುದನ್ನು ನೋಡಬೇಕಿತ್ತು. ಒಂದು ಚುಕ್ಕೆ, ಒಂದು ಅಡ್ಡಗೆರೆ ತಪ್ಪಿದರೂ ಯಂತ್ರ ಒಪ್ಪುವುದಿಲ್ಲ. ನಾನಾಗಿದ್ದರೆ ಎರಡನೆಯ ಸಾಲಿಗೆ ಕೈ ಬಿಡುತ್ತಿದ್ದೆ. ಗಣಿಯ ಗಡಿಗೆರೆ ಎಳೆದು ಪಳಗಿದ ಕೈ ಅವನದು. ಪರದೆ ತುಂಬ ಇಂಗ್ಲಿಷ್ ಸಾಲುಗಳು ಓಡಿ ಓಡಿ ನಿಂತವು. ಮೋಡೆಮ್ ಇದೆ ಎಂದು ಯಂತ್ರ ಕೊನೆಗೂ ಒಪ್ಪಿಕೊಂಡಿತು. ನಾನು ಅಲ್ಲೇ ಎರಡೂ ಕೈ ಎತ್ತಿ ಮುಗಿದೆ, ಯಾರಿಗೆ ಎಂದು ಗೊತ್ತಿಲ್ಲ.

ಮಾರನೆಯ ಸಂಜೆ ಕೆಲಸ ಮುಗಿಸಿ ಅವನ ಮನೆಗೇ ಹೋದೆ. ತಂತಿ ಚುಚ್ಚಿ ಫೋನ್ ಮಾಡಿಸಿದರೆ ಪರದೆಯ ಮೇಲೆ 'ಡಯಲ್ ಟೋನ್ ಇಲ್ಲ' ಎಂದು ಬಂತು. ಡಯಲ್ ಟೋನ್ ಎಂದರೆ ರಿಸೀವರ್ ಎತ್ತಿದಾಗ ಕೇಳುವ ಆ ಗುಂಯ್ ಎಂಬ ಸದ್ದು. ಲೈನು ಬದುಕಿದೆ ಎಂಬುದಕ್ಕೆ ಅದೇ ಸಾಕ್ಷಿ. ತಂತಿ ತೆಗೆದು ಫೋನಿಗೆ ಚುಚ್ಚಿ ಕಿವಿಗೆ ಇಟ್ಟುಕೊಂಡೆ. ಸ್ಪಷ್ಟವಾಗಿ ಗುಂಯ್ ಎನ್ನುತ್ತಿತ್ತು. ಪಂಪಾಪತಿ ನನ್ನ ಮುಖವನ್ನೇ ನೋಡುತ್ತಿದ್ದ. 'ಇದೆ' ಎಂದು ಬರೆದೆ. ಮತ್ತೆ ಯಂತ್ರಕ್ಕೆ ಚುಚ್ಚಿದೆವು. 'ಇಲ್ಲ' ಎಂದಿತು. ಹೀಗೆ ಎಂಟು ಹತ್ತು ಸಲ ನಡೆಯಿತು. ಕೊನೆಗೆ ಅವನು, 'ಅಕ್ಕ, ನಿಮಗೆ ನಿಜವಾಗಿ ಕೇಳುತ್ತಿದೆಯೇ?' ಎಂದು ಬರೆದ. ನನ್ನ ಕಿವಿಯ ಬಗ್ಗೆ ನನಗೆ ಅನುಮಾನ ಬಂದದ್ದು ಜೀವನದಲ್ಲಿ ಅದೊಂದೇ ಸಲ.

ಮನೆಗೆ ನಡೆದು ಹೋಗುವಾಗ ಹೊಳೆಯಿತು. ಬೋರ್ಡಿನಲ್ಲಿ ಕುಳಿತಾಗ ಊರೂರಿನ ಟೋನ್ ಬೇರೆ ಬೇರೆ ಕೇಳುತ್ತಿತ್ತು. ಕಂಪ್ಲಿಯ ಹಳೆಯ ಎಕ್ಸ್‌ಚೇಂಜಿನದು ದಪ್ಪ, ಬಳ್ಳಾರಿಯದು ಸಣ್ಣ. ಹಂಪಿಗೆ ಬರುವ ವಿದೇಶಿಯರು ತಮ್ಮ ಊರಿಗೆ ಬುಕ್ ಮಾಡಿದಾಗ ಆ ಕಡೆಯ ರಿಂಗು ನಮ್ಮ ರಿಂಗಿನಂತೆ ಇರುತ್ತಲೇ ಇರಲಿಲ್ಲ. ಈ ಮೋಡೆಮ್ ಯಾವ ದೇಶದಲ್ಲಿ ಹುಟ್ಟಿದೆಯೋ ಆ ದೇಶದ ಗುಂಯ್‌ಗಾಗಿ ಕಾಯುತ್ತಿರಬೇಕು. ಹೊಸಪೇಟೆಯದು ಅದಕ್ಕೆ ಟೋನ್ ಅನ್ನಿಸುತ್ತಿಲ್ಲ. ಮರುದಿನ ಹುಡುಕಿದರೆ ಅದಕ್ಕೂ ಮದ್ದಿತ್ತು. ಟೋನಿಗೆ ಕಾಯದೆ ಸುಮ್ಮನೆ ಫೋನ್ ಮಾಡು ಎಂದು ಹೇಳುವ ನಾಲ್ಕೇ ಅಕ್ಷರ: ಎ, ಟಿ, ಎಕ್ಸ್, ಮೂರು. ಅದನ್ನು ಸೇರಿಸಿದ ಸಂಜೆ ಲೈನು ಕೂಡಿತು. ಐದು ಗಂಟೆಗೆ ಪರದೆಯ ಮೇಲೆ ಕಂಪ್ಲಿಯಿಂದ ಗಿರಿಜಾಳ ಮೊದಲ ಸಾಲು ಬಂತು: 'ಇದ್ದೀಯಾ?' ಪಂಪಾಪತಿ ಎರಡು ಸಲ ತಪ್ಪು ಅಕ್ಷರ ಒತ್ತಿದ. ನಾನು ಗೋಡೆಯ ಕಡೆ ತಿರುಗಿ ನಿಂತೆ. ಕಣ್ಣಲ್ಲಿ ನೀರು ಬಂದಿತ್ತು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ನಿಜವಾಗಿಯೂ ಕಚೇರಿಯ ಆಸ್ತಿಯೇ.

ನಾಲ್ಕನೆಯ ದಿನ ಪಂಪಾಪತಿ ಬೆಳಿಗ್ಗೆಯೇ ಬಂದ. ಲೈನು ಕೂಡುತ್ತದೆ, ಮೂರು ನಿಮಿಷಕ್ಕೆ ಕಡಿಯುತ್ತದೆ. ಮತ್ತೆ ಕೂಡಿಸಲು ನಾಲ್ಕೈದು ನಿಮಿಷ ಬೇಕು, ಕೂಡಿದ ಮೇಲೆ ಮತ್ತೆ ಅದೇ ಹಾಡು. ಕಂಪ್ಲಿಯ ಅಂಗಡಿಯಲ್ಲಿ ಬೇರೆಯವರು ಸರದಿ ಕಾಯುತ್ತಿರುತ್ತಾರೆ, ಎರಡು ಸಲ ಕಡಿದ ಮೇಲೆ ಗಿರಿಜಾ ಎದ್ದು ಹೋಗುತ್ತಾಳೆ. ಅಷ್ಟರಲ್ಲಿ ಆಗುವ ಮಾತೆಷ್ಟು? ಬಂದೆಯಾ, ಊಟ ಆಯಿತಾ, ಏನು ಮಾಡಿದೆ. ಅಷ್ಟೇ.

"ಅದು ಲಿನಕ್ಸಿನ ದೋಷ ಇರ್ಬೇಕ್ರಿ," ಎಂದರು ಗೋಪಾಲರಾಯರು. "ಪುಕ್ಕಟೆ ಬಂದದ್ದು."

"ಡಬ್ಬ್ಯಾಗ ಧೂಳು ಹೊಕ್ಕೈತಿ," ಎಂದ ಖಾದರ್ ಸಾಬ್. ಕಂಬ ಹತ್ತಿ ತಿಕ್ಕಿ ಬಂದ.

ಚರ್ಚೆಯ ಗುಂಪಿನವರು ದಿನಕ್ಕೊಂದು ಉಪಾಯ ಹೇಳಿದರು. ಸುಮ್ಮನಿದ್ದರೆ ಕಡಿಯುವ ಗಡುವನ್ನು ತೆಗೆಯಿರಿ ಎಂದರು, ವೇಗ ಇಳಿಸಿ ಎಂದರು, ಇನ್ನೊಂದು ಹೊಸ ಡ್ರೈವರ್ ಹಾಕಿ ಎಂದರು. ಪಂಪಾಪತಿ ಎಲ್ಲವನ್ನೂ ಮಾಡಿದ. ಪ್ರತಿ ದಿನ ಏನು ಬದಲಾಯಿಸಿದೆ, ಎಷ್ಟು ಗಂಟೆಗೆ ಕೂಡಿತು, ಎಷ್ಟಕ್ಕೆ ಕಡಿಯಿತು ಎಂದು ಗೆರೆ ಹಾಕಿ ಪಟ್ಟಿ ಮಾಡಿದ. ಕಡಿದದ್ದು ಐದು ಮೂರು, ಐದು ಮೂರು, ಐದು ನಾಲ್ಕು, ಐದು ಮೂರು.

ನಾನೂ ಸುಮ್ಮನೆ ಕುಳಿತಿರಲಿಲ್ಲ. ಊರಿನ ಪ್ರತಿ ಫೋನಿನ ತಂತಿಯೂ ನಮ್ಮ ಕಚೇರಿಯ ಒಂದು ದೊಡ್ಡ ಚೌಕಟ್ಟಿಗೆ ಬಂದು ಕೂಡುತ್ತದೆ. ಅಲ್ಲಿ ಯಾವ ತಂತಿಗೆ ಬೇಕಾದರೂ ಟೆಸ್ಟ್ ಫೋನಿನ ಕ್ಲಿಪ್ ಹಚ್ಚಿ ಕೇಳಬಹುದು. ಆ ಅರ್ಧ ಮೋಡೆಮ್ ಸದ್ದೇ ಮಾಡುತ್ತಿರಲಿಲ್ಲ, ಪಂಪಾಪತಿಗಂತೂ ಕೇಳುವಂತಿಲ್ಲ. ಅವನ ಪರವಾಗಿ ಕೇಳುವ ಕಿವಿ ನನ್ನದೇ ಎಂದುಕೊಂಡಿದ್ದೆ. ಲೈನು ಕೂಡಿದ ಮರುದಿನದಿಂದಲೇ ದಿನವೂ ಐದು ಗಂಟೆಗೆ ಚೌಕಟ್ಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಲೈನು ಕೂಡಿ ಒಂದಿಷ್ಟು ನೆಲೆ ನಿಲ್ಲಲಿ ಎಂದು ಕಾಯುತ್ತಿದ್ದೆ. ಆಮೇಲೆ ಕ್ಲಿಪ್ ಹಚ್ಚುತ್ತಿದ್ದೆ. ಕರಕರ ಸದ್ದು ಕೇಳುತ್ತಿತ್ತು, ನೋಡನೋಡುತ್ತಿದ್ದಂತೆ ಗಂಟಲು ಕಟ್ಟಿದ ಹಾಗೆ ಆಗಿ ನಿಂತುಹೋಗುತ್ತಿತ್ತು. ಅಯ್ಯೋ, ಇವತ್ತೂ ಕಡಿಯಿತಲ್ಲ ಎಂದು ಸಮಯ ಗುರುತು ಹಾಕಿಕೊಂಡು, ಅವನು ಮತ್ತೆ ಕೂಡಿಸಿದರೆ ಮತ್ತೆ ಹಾಗೆಯೇ ಕಾದು ಕೇಳುತ್ತಿದ್ದೆ. ಮರುದಿನ ಅವನಿಗೆ, 'ನಾನೇ ಕೇಳಿದೆ, ಸರಿಯಾಗಿ ಐದು ಮೂರಕ್ಕೆ ಹೋಯಿತು' ಎಂದು ಬರೆದು ತೋರಿಸುತ್ತಿದ್ದೆ. ಅವನು ತನ್ನ ಪಟ್ಟಿಯೊಡನೆ ತಾಳೆ ನೋಡಿ ತಲೆಯಾಡಿಸುತ್ತಿದ್ದ.

ಹೀಗೆ ಆರು ವಾರ ಕಳೆದವು. ಗಿರಿಜಾಗೆ ದಿನ ತುಂಬುತ್ತಿತ್ತು.

ಒಂದು ದಿನ ಅವನು ಪಟ್ಟಿಯಲ್ಲಿ ಮೂರು ಸಾಲುಗಳಿಗೆ ಕೆಂಪು ಗೆರೆ ಎಳೆದು ತಂದ. ಆ ಮೂರು ದಿನ ಲೈನು ಒಂದು ಸಲವೂ ಕಡಿದಿರಲಿಲ್ಲ, ಪೂರ್ತಿ ಒಂದು ಗಂಟೆ ಇತ್ತು. ಮೊದಲು ಅದನ್ನು ಅದೃಷ್ಟವೆಂದು ಬಿಟ್ಟಿದ್ದ. ಈಗ ನೋಡಿದರೆ ಒಂದು ದಿನಕ್ಕೂ ಇನ್ನೊಂದು ದಿನಕ್ಕೂ ಹೆಚ್ಚು ಕಡಿಮೆ ಹದಿನೈದು ದಿನದ ಅಂತರ. ಕೆಳಗೆ ಬರೆದಿದ್ದ: 'ಅಕ್ಕ, ನಿಮ್ಮ ಕಚೇರಿಯಲ್ಲಿ ಹದಿನೈದು ದಿನಕ್ಕೊಮ್ಮೆ ಏನಾದರೂ ಮಾಡುತ್ತಾರಾ? ಯಂತ್ರ ತೊಳೆಯುವುದು, ಎಣ್ಣೆ ಬಿಡುವುದು?'

ಅಂಥದ್ದೇನೂ ಇಲ್ಲ ಎಂದು ಬರೆಯಲು ಪೆನ್ನು ಎತ್ತಿದೆ. ಆ ತಾರೀಖುಗಳನ್ನು ಎಲ್ಲೋ ನೋಡಿದ ಹಾಗಿತ್ತು. ಗೋಡೆಯ ಮೇಲಿನ ಪಂಚಾಂಗದ ಹಾಳೆ ತಿರುವಿದೆ. ಮೂರೂ ಏಕಾದಶಿ.

ಏಕಾದಶಿಯ ದಿನ ನಾನು ನಿರ್ಜಲ ಉಪವಾಸ. ಮಧ್ಯಾಹ್ನವೇ ರಜೆ ಬರೆದು ಮನೆಗೆ ಹೋಗುತ್ತೇನೆ.

ನನಗೆ ಕೂಡಲೇ ಅರ್ಥವಾಗಲಿಲ್ಲ ಎಂದು ಹೇಳಿಬಿಡುತ್ತೇನೆ, ಯಾಕೆಂದರೆ ನಿಜ ಹಾಗೆಯೇ ಇದೆ. ನನ್ನ ಉಪವಾಸಕ್ಕೂ ಅವನ ಮೋಡೆಮ್ಮಿಗೂ ಏನು ಸಂಬಂಧ? ದೇವರು ಒಲಿದನೇ ಎಂದು ಒಂದು ಕ್ಷಣ ಅನ್ನಿಸಿದ್ದೂ ಉಂಟು. ಆಮೇಲೆ ಮೇಜಿನ ಗಾಜಿನ ಕೆಳಗಿದ್ದ ಆ ಹಾಳೆಯ ಮೇಲೆ ಕಣ್ಣು ಬಿತ್ತು. ಹದಿಮೂರನೆಯ ಹೆಜ್ಜೆ: 'ಸಂಪರ್ಕದಲ್ಲಿರುವಾಗ ಅದೇ ಲೈನಿನ ಇನ್ನೊಂದು ಫೋನನ್ನು ಎತ್ತಬೇಡಿ, ಸಂಪರ್ಕ ಕಡಿಯುತ್ತದೆ.' ದಿನಕ್ಕೆ ಹತ್ತು ಜನರಿಗೆ ನಾನು ಇದನ್ನೇ ಹೇಳುತ್ತಿದ್ದೆ. ನನ್ನ ಟೆಸ್ಟ್ ಫೋನೂ ಒಂದು ಫೋನು ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಆಪರೇಟರ್ ಲೈನಿನೊಳಗೆ ಇದ್ದರೂ ಇಲ್ಲದವಳು ಎಂದೇ ನಮಗೆ ಕಲಿಸಿದ್ದರು. ನಾನು ಹತ್ತೊಂಬತ್ತು ವರ್ಷ ಸಾವಿರಾರು ಜನರ ನಡುವೆ ಹೋಗಿ ಬಂದಿದ್ದೇನೆ, ಯಾರ ಲೈನೂ ಕಡಿದಿರಲಿಲ್ಲ. ಲೈನು ನೆಲೆ ನಿಲ್ಲಲಿ ಎಂದು ಎಷ್ಟು ಹೊತ್ತು ಕಾಯುತ್ತಿದ್ದೆ? ಗಡಿಯಾರ ನೋಡದೆ, ಸರಿಯಾಗಿ ಮೂರು ನಿಮಿಷ.

ನೋಟುಬುಕ್ಕು ಎಳೆದುಕೊಂಡು ಬರೆದೆ: 'ಕಡಿಯುತ್ತಿದ್ದವಳು ನಾನೇ.' ಹೇಗೆಂದು ಕೆಳಗೆ ವಿವರವಾಗಿ ಬರೆದೆ. ಪಂಪಾಪತಿ ಓದಿದ. ನನ್ನ ಮುಖ ನೋಡಲಿಲ್ಲ. ಮತ್ತೊಮ್ಮೆ ಓದಿದ. ಬೈಯುತ್ತಾನೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ನೋಟುಬುಕ್ಕು ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಎದ್ದು ಹೋದ.

"ಏನಾತ್ರಿ ಅಕ್ಕಾರ, ಹಂಗ ಹೋದ?" ಎಂದ ಖಾದರ್ ಸಾಬ್.

ಹೇಳಿದೆ. ಅವನು ನಗಲಿಲ್ಲ. ಟೆಸ್ಟ್ ಫೋನನ್ನು ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡು, "ಐದರಿಂದ ಆರರತನಕ ಇದು ನನ್ ಹತ್ರ ಇರ್ಲಿ ಬಿಡ್ರಿ. ನಿಮ್ಮ ಕೈ ಸುಮ್ನಿರಂಗಿಲ್ಲ," ಎಂದ.

ಅಂದಿನ ಸಂಜೆ ಐದು ಗಂಟೆಗೆ ನಾನು ಮೇಜಿನ ಮುಂದೆ ಕುಳಿತೆ. ಐದು ಮೂರಕ್ಕೆ ಕೈ ತಾನಾಗಿ ಎದ್ದಿತು, ಸೆರಗಿನಲ್ಲಿ ಸುತ್ತಿಕೊಂಡೆ. ಲೈನು ಕೂಡಿದೆಯೋ ಇಲ್ಲವೋ, ಅವನು ಸಿಟ್ಟಿನಲ್ಲಿ ಯಂತ್ರ ತೆರೆದಿದ್ದಾನೋ ಇಲ್ಲವೋ, ಆಕೆ ಬಂದಿದ್ದಾಳೋ ಇಲ್ಲವೋ, ಒಂದೂ ತಿಳಿಯದು. ಒಂದು ಸಲ ಕೇಳಿದರೆ ಎಲ್ಲ ತಿಳಿಯುತ್ತದೆ. ಕೇಳಿದರೆ ಎಲ್ಲ ಹಾಳಾಗುತ್ತದೆ. ಅಷ್ಟು ಉದ್ದದ ಒಂದು ಗಂಟೆಯನ್ನು ನಾನು ಕಂಡಿರಲಿಲ್ಲ. ಆರಕ್ಕೆ ಎದ್ದು, ಏನೂ ತಿಳಿಯದೆಯೇ ಮನೆಗೆ ಹೋದೆ.

ಮರುದಿನ ಪಂಪಾಪತಿ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಖಾದರ್ ಸಾಬ್ ಅವನ ಓಣಿಗೆ ಹೋಗಿ ಬಂದು, "ಮನಿಗೆ ಬೀಗ ಐತ್ರಿ," ಎಂದ. ನನಗೆ ಕೆಟ್ಟ ಕೆಟ್ಟ ಯೋಚನೆಗಳೇ ಬಂದವು.

ಒಂಬತ್ತನೆಯ ದಿನ ಬಂದ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿದ್ದವು. ನೋಟುಬುಕ್ಕು ತೆರೆದು ಮುಂದಿಟ್ಟ. ಮೊದಲು ಕೊನೆಯ ಸಾಲು ನೋಡಿದೆ: 'ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ.' ಹೋದ ಜೀವ ಬಂದಂತಾಯಿತು. ಅದರ ಮೇಲೆ ಆ ಸಂಜೆಯ ಮಾತುಗಳನ್ನೆಲ್ಲ ಅವನು ಪರದೆಯಿಂದ ನೋಡಿ ನಕಲು ಮಾಡಿದ್ದ, ಪ್ರತಿ ಸಾಲಿನ ಮುಂದೆ ಗಂಟೆ ನಿಮಿಷ. ಅವನು ಒಂದು ಸಾಲಿಗೆ ಬೆರಳಿಟ್ಟು ತೋರಿಸಿದ.

ಐದು ನಲವತ್ತೊಂದು. ಗಿರಿಜಾ: 'ನಿನ್ನೆಯಿಂದ ಕೂಸು ಒದೆಯುತ್ತಿಲ್ಲ. ಹಿಂದಿನ ಸಲವೂ ಹೀಗೇ ಆಗಿತ್ತು. ಅಮ್ಮ ಏನಾಗುವುದಿಲ್ಲ ಅನ್ನುತ್ತಾಳೆ. ನನಗೆ ಹೆದರಿಕೆ.'

ಅವನು ಲ್ಯಾಪ್‌ಟಾಪ್ ಮುಚ್ಚದೆಯೇ ಓಡಿ ಕಂಪ್ಲಿಯ ಬಸ್ಸು ಹಿಡಿದಿದ್ದ. ಹಿರಿಯರು ನಾಳೆ ನೋಡೋಣ ಎಂದರೂ ಕೇಳದೆ ಗಾಡಿ ಮಾಡಿಸಿ ಬಳ್ಳಾರಿಯ ಆಸ್ಪತ್ರೆಗೆ ಕರೆದೊಯ್ದಿದ್ದ. ಕೂಸಿನ ಎದೆಬಡಿತ ಕುಗ್ಗುತ್ತಿತ್ತಂತೆ. ಡಾಕ್ಟರು ಕೂಡಲೇ ಆಪರೇಷನ್ ಮಾಡಿ ಉಳಿಸಿದರು. ಇನ್ನೊಂದು ದಿನ ಕಳೆದಿದ್ದರೆ ಎಂದು ಅವರು ಹೇಳಿದ್ದನ್ನು ಅವನು ಪೂರ್ತಿ ಬರೆದಿರಲಿಲ್ಲ.

ನನ್ನ ಕಣ್ಣು ಆ ಪುಟದಲ್ಲಿ ತಾನಾಗಿ ಮೇಲಕ್ಕೆ ಹೋಯಿತು. ಐದು ಗಂಟೆ ಮೂರು ನಿಮಿಷದ ಸಾಲು ಹುಡುಕಿದೆ. ಗಿರಿಜಾ ಬರೆದಿದ್ದಳು: 'ಇವತ್ತೂ ಅನ್ನ ಸಾರೇನಾ?'

ನಾನು ಅಲ್ಲೇ, ಕಚೇರಿಯ ನಡುವೆ, ಎಲ್ಲರ ಎದುರಿಗೆ ಅತ್ತುಬಿಟ್ಟೆ. ಪಂಪಾಪತಿ ನೋಟುಬುಕ್ಕು ತಿರುಗಿಸಿಕೊಂಡು, ಕ್ಷಮಿಸಿದೆ ಎಂದೂ ಬರೆಯಲಿಲ್ಲ, ಇಲ್ಲ ಎಂದೂ ಬರೆಯಲಿಲ್ಲ. ಆ ನೆಟ್ಟಗಿನ ಅಕ್ಷರಗಳಲ್ಲಿ ಒಂದೇ ಸಾಲು ಬರೆದು ನನ್ನ ಕೈಗೆ ಕೊಟ್ಟ:

'ಈ ಸಲ ಎಲ್ಲರಿಗಿಂತ ಮೊದಲು ನನಗೆ ಗೊತ್ತಾಯಿತು, ಅಕ್ಕ.'